ಯುಗಾದಿಯಿಂದ ಯುಗಾದಿಗೆ: ಒಂದು ವರ್ಷದ ಓಟ ಕಲಿಸಿದ ಪಾಠ

2024ರ ಯುಗಾದಿ ಕಳೆದು ಎರಡು ದಿನವಾಗಿತ್ತು. ಬೆಳಗಿನ ಐದೂವರೆಗೆ ಬಾಗಲಕೋಟೆಯ ನವನಗರದ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಓಡುತ್ತಿದ್ದೆ. ನಮ್ಮ ಮನೆಗೆ ಹಾಲು ಹಾಕುವವರು ಎದುರಿಗೆ ಬಂದು ಸೈಕಲ್ ನಿಲ್ಲಿಸಿದರು. ‘ಯಾಕ್ರೀ ಡಾಕ್ಟ್ರ, ಯಾರರ ಬೆನ್ನ ಹತ್ಯಾರೇನು?’ ಎಂದು ಕೇಳಿದರು. ನಕ್ಕು ಮುಂದೆ ಹೋದೆ. ಬೆನ್ನು ಹತ್ತಿದ್ದು ನಿಜವೇ ಆಗಿತ್ತು. ಆಗ ನನ್ನ ವಯಸ್ಸು 46, ತೂಕ 82 ಕಿಲೋ, ರಕ್ತದೊತ್ತಡ 148/94. ನನ್ನ ತಂದೆ 54ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವರು. ಇಪ್ಪತ್ತು ವರ್ಷಗಳಿಂದ ರೋಗಿಗಳಿಗೆ ‘ದಿನಾ ನಡೀರಿ’ ಎಂದು ಚೀಟಿ ಬರೆದುಕೊಟ್ಟ ನಾನು, ಔಷಧಿ ಅಂಗಡಿಯವರೆಗೂ ಸ್ಕೂಟರಿನಲ್ಲೇ ಹೋಗುತ್ತಿದ್ದೆ.

ಅಂದಿನಿಂದ ಮುಂದಿನ ಯುಗಾದಿಯವರೆಗೆ ಒಂದು ಹಳೆಯ ಡೈರಿಯಲ್ಲಿ ದಿನಕ್ಕೆ ಮೂರು ವಿಷಯ ಬರೆದಿಟ್ಟೆ. ಎಷ್ಟು ನಿಮಿಷ ಓಡಿದೆ, ಬೆಳಗ್ಗೆ ಎದ್ದ ಕೂಡಲೇ ನಾಡಿ ಎಷ್ಟಿತ್ತು, ಎಲ್ಲಿ ನೋವಿತ್ತು. ಈ ವಾರ ಆ ಡೈರಿಯನ್ನು ನಿಮ್ಮ ಮುಂದೆ ತೆರೆಯುತ್ತಿದ್ದೇನೆ. ಅದರಲ್ಲಿ ಗಳಿಕೆಯೂ ಇದೆ, ನನ್ನ ತಪ್ಪಿನ ಲೆಕ್ಕವೂ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ವರ್ಷ ಓಡಲು ಅಥವಾ ದೂರ ನಡೆಯಲು ಹೊರಟಿದ್ದರೆ ಅವರಿಗೆ ಓದಿ ಹೇಳಿ.

ಬೂಟು ಕೊಳ್ಳುವ ಮೊದಲು

ಅಮೆರಿಕದ ಜಿಮ್ ಫಿಕ್ಸ್ ಎಂಬಾತ 1977ರಲ್ಲಿ ಓಟದ ಬಗ್ಗೆ ಬರೆದ ಪುಸ್ತಕ ಲಕ್ಷಾಂತರ ಜನರನ್ನು ರಸ್ತೆಗೆ ಇಳಿಸಿತು. ಆತ ಸಿಗರೇಟು ಬಿಟ್ಟು, ತೂಕ ಇಳಿಸಿಕೊಂಡು ಓಟಗಾರನಾದವನು. 1984ರಲ್ಲಿ, 52ನೇ ವಯಸ್ಸಿನಲ್ಲಿ, ಓಟಕ್ಕೆ ಹೋದವನು ರಸ್ತೆಯಲ್ಲೇ ಸತ್ತ. ಶವ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಬಹಳ ಮಟ್ಟಿಗೆ ಕಟ್ಟಿಕೊಂಡಿದ್ದು ಕಂಡಿತು. ಆತನ ತಂದೆ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಕೇವಲ 43.

ಇದನ್ನು ಕೇಳಿ ‘ಓಟವೇ ಬೇಡ’ ಎಂದುಕೊಳ್ಳಬೇಡಿ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಅದು ತೋರಿಸಿತು. ವ್ಯಾಯಾಮ ಹೃದಯವನ್ನು ಕಾಯುತ್ತದೆ ಎಂಬುದರಲ್ಲಿ ಈಗ ಅನುಮಾನವಿಲ್ಲ. ಆದರೆ ಅದು ಮನೆತನದಿಂದ ಬಂದದ್ದನ್ನು ಅಳಿಸಿ ಹಾಕುವುದಿಲ್ಲ. ಎರಡೂ ಮಾತು ನಿಜ.

ಹೀಗಾಗಿ ನಾನು ಮೊದಲು ಸ್ನೇಹಿತ ವೈದ್ಯರ ಬಳಿ ರೋಗಿಯಾಗಿ ಹೋದೆ. ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆ, ಇಸಿಜಿ ಆದವು. ತಂದೆಯ ಇತಿಹಾಸ ಇದ್ದುದರಿಂದ ಟ್ರೆಡ್‌ಮಿಲ್ ಪರೀಕ್ಷೆಯೂ ಆಯಿತು. ರಕ್ತದೊತ್ತಡಕ್ಕೆ ಒಂದು ಗುಳಿಗೆ ಶುರುವಾಯಿತು. ಆರೋಗ್ಯವಂತರು ನಿಧಾನವಾಗಿ ನಡೆಯಲು ಇಷ್ಟೆಲ್ಲ ಪರೀಕ್ಷೆ ಬೇಕಿಲ್ಲ. ಆದರೆ ರಕ್ತದೊತ್ತಡ, ಮಧುಮೇಹ, ಬೀಡಿ ಸಿಗರೇಟಿನ ಚಟ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವುಗಳಲ್ಲಿ ಯಾವುದಾದರೂ ಇದ್ದು ನೀವು ಓಡಬೇಕೆಂದಿದ್ದರೆ ವೈದ್ಯರನ್ನು ಕಾಣಲೇಬೇಕು. ಶ್ರಮ ಪಡುವಾಗ ಎದೆ ಹಿಡಿದಂತಾಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು ಕಂಡರೆ ಅದನ್ನು ‘ವಾಯು’ ಎಂದು ತಳ್ಳಿಹಾಕಬೇಡಿ. ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಬಿಸಿಲಿನ ಪಾಠ

ನಮ್ಮ ಕಡೆ ಯುಗಾದಿ ಎಂದರೆ ಬೇವು ಬೆಲ್ಲದ ಜೊತೆಗೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ಮುಟ್ಟುವುದು ಇಲ್ಲಿ ಹೊಸತಲ್ಲ. ಓಟ ಶುರು ಮಾಡಲು ಇದಕ್ಕಿಂತ ಕೆಟ್ಟ ಕಾಲವಿಲ್ಲ. ಆದರೂ ಅದೇ ನನಗೆ ಒಳ್ಳೆಯದಾಯಿತು, ಏಕೆಂದರೆ ಜೋರಾಗಿ ಓಡಲು ಸಾಧ್ಯವೇ ಇರಲಿಲ್ಲ. ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ವಾರಕ್ಕೆ ನಾಲ್ಕೇ ದಿನ.

ಎಷ್ಟು ವೇಗ ಸರಿ ಎಂದು ತಿಳಿಯಲು ದುಬಾರಿ ಗಡಿಯಾರ ಬೇಕಿಲ್ಲ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಬಂದರೆ ವೇಗ ಸರಿಯಾಗಿದೆ. ಎರಡು ಶಬ್ದಕ್ಕೇ ಉಸಿರು ಸಿಕ್ಕಿಕೊಂಡರೆ ಹೆಚ್ಚಾಯಿತು. ವರ್ಷವಿಡೀ ನನ್ನ ಓಟದ ಹೆಚ್ಚು ಭಾಗ ಈ ಮಾತಾಡುವ ವೇಗದ್ದೇ. ಸಹನಶಕ್ತಿ ಬೆಳೆಯುವುದು ಇದರಿಂದಲೇ.

ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬೆಂಗಳೂರಿನಿಂದ ರಜೆಗೆ ಬಂದ ಮಗ ಮೊದಲ ದಿನವೇ ಇಲ್ಲಿ ಹತ್ತು ಕಿಲೋಮೀಟರ್ ಓಡಿದರೆ ಅಪಾಯವಾಗುವುದು ಇದಕ್ಕೇ.

ಬಿಸಿಲಿನಲ್ಲಿ ಶ್ರಮಪಟ್ಟವರು ತಡವರಿಸಿ ಮಾತಾಡಿದರೆ, ಗೊಂದಲಕ್ಕೆ ಒಳಗಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ ಎಂದೇ ತಿಳಿಯಿರಿ. ಬೆವರು ಬರುತ್ತಿದ್ದರೂ ಉಷ್ಣಾಘಾತ ಇರಬಹುದು. ದೇಹದ ಉಷ್ಣತೆ ಆಗ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನೆರಳಿಗೆ ಒಯ್ದು ಕೊಡಗಟ್ಟಲೆ ನೀರು ಸುರಿಯಿರಿ, ಗಾಳಿ ಹಾಕಿ, ಜೊತೆಜೊತೆಗೇ 108ಕ್ಕೆ ಫೋನ್ ಮಾಡಿ. ವಾಹನ ಬರುವ ತನಕ ತಣಿಸುವುದನ್ನು ನಿಲ್ಲಿಸಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಉಸಿರು ಬೇಗ, ಎಲುಬು ನಿಧಾನ

ಮಳೆಗಾಲ ಬಂತು. ಹವೆ ತಂಪಾಯಿತು, ಉಸಿರು ಹಗುರಾಯಿತು. ಬೆಳಗಿನ ನಾಡಿ 82ರಿಂದ 72ಕ್ಕೆ ಇಳಿದಿತ್ತು. ನನಗೆ ಹುರುಪು ಬಂತು. ಒಂದು ಭಾನುವಾರ ಬಾದಾಮಿಗೆ ಹೋಗಿ, ಅಲ್ಲಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಹಾಯುವ ಕಲ್ಲುದಾರಿಯಲ್ಲಿ ಓಡಿದೆ. ಮುಂದಿನ ವಾರ ಅದಕ್ಕಿಂತ ಹೆಚ್ಚು. ಅದರ ಮುಂದಿನ ವಾರ ಇನ್ನೂ ಹೆಚ್ಚು. ಒಂದೇ ತಿಂಗಳಲ್ಲಿ ವಾರದ ಓಟ 18 ಕಿಲೋಮೀಟರಿನಿಂದ 40ಕ್ಕೆ ಏರಿತು.

ಆಗಸ್ಟ್ 11ರ ಪುಟದಲ್ಲಿ ‘ಬಲಗಾಲು, ಮೊಣಕಾಲ ಕೆಳಗೆ ಒಳಬದಿ ಎಲುಬಿನ ಮೇಲೆ ಒಂದು ಕಡೆ ನೋವು’ ಎಂದಿದೆ. 14ರಂದು ‘ಗುಳಿಗೆ ತಗೊಂಡೆ, ನೋವಿಲ್ಲ, 8 ಕಿ.ಮೀ.’ ಎಂದಿದೆ. 22ರಂದು ಒಂದೇ ಸಾಲು: ‘ಮೆಟ್ಟಿಲು ಇಳಿಯಲು ಆಗುತ್ತಿಲ್ಲ.’ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಇದಕ್ಕೆ ಒತ್ತಡದ ಮುರಿತ ಎನ್ನುತ್ತಾರೆ. ಆರಂಭದಲ್ಲಿ ಸಾದಾ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಇರಬಹುದು.

ಹೀಗಾಗುವುದು ಏಕೆ? ಹೃದಯ, ಶ್ವಾಸಕೋಶ, ಸ್ನಾಯು ಇವು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜುಗಳಿಗೆ ತಿಂಗಳುಗಳೇ ಬೇಕು. ಎಲುಬು ಸತ್ತ ಕಟ್ಟಿಗೆಯಲ್ಲ. ಭಾರ ಬಿದ್ದಾಗ ಅದು ಹಳೆಯ ಭಾಗವನ್ನು ಮೊದಲು ಕರಗಿಸಿ, ಆಮೇಲೆ ಗಟ್ಟಿಯಾದ ಹೊಸ ಭಾಗವನ್ನು ಕಟ್ಟುತ್ತದೆ. ಹಳೆ ಗೋಡೆ ಕೆಡವಿ ಹೊಸದು ಕಟ್ಟುವ ನಡುವೆ ಮನೆ ಹೇಗೆ ದುರ್ಬಲವೋ ಹಾಗೆ. ಆ ಹೊತ್ತಿನಲ್ಲಿ ವಿಶ್ರಾಂತಿ ಕೊಡದೆ ಮತ್ತೆ ಭಾರ ಹೇರಿದರೆ ಬಿರುಕು ಬಿಡುತ್ತದೆ. ಓಡಲು ಉಸಿರಿದೆ ಎಂದ ಮಾತ್ರಕ್ಕೆ ಎಲುಬೂ ಸಿದ್ಧವಾಗಿದೆ ಎಂದಲ್ಲ.

ಗುಳಿಗೆ ನುಂಗಿದ್ದು ಎರಡನೆಯ ತಪ್ಪು. ಅದು ನೋವನ್ನು ಮುಚ್ಚಿತೇ ಹೊರತು ಬಿರುಕನ್ನಲ್ಲ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ಏಳು ವಾರ ಓಟ ಬಂದ್ ಆಯಿತು. ‘ಮಂದಿಗೆ ಚೀಟಿ ಬರದ ಕೊಡ್ತೀರಿ, ನಿಮಗ ನೀವ ಒಂದ ಬರಕೋಬಾರದೇನ್ರೀ?’ ಎಂದಳು ನನ್ನಾಕೆ. ಉತ್ತರ ಇರಲಿಲ್ಲ.

ಒಂದು ಮಾತು ನೆನಪಿಡಿ. ಹೊಸ ಶ್ರಮದ ಮರುದಿನ ಎರಡೂ ತೊಡೆ, ಎರಡೂ ಮೀನಖಂಡ ಸಮನಾಗಿ ನೊಂದರೆ ಅದು ಸ್ನಾಯುವಿನ ನೋವು. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚುವ ನೋವು ಬೇರೆ. ಅದಕ್ಕೆ ಮದ್ದು ನಿಲ್ಲಿಸುವುದೇ.

ಅಡುಗೆಮನೆಯ ಲೆಕ್ಕ

ಕಾಲು ಮುರಿದು ಕುಳಿತ ದಿನಗಳಲ್ಲಿ ನನ್ನಾಕೆ ಸಂಜೆ ನಡೆಯಲು ಶುರು ಮಾಡಿದಳು. ಹದಿನೈದು ದಿನಕ್ಕೇ ಸುಸ್ತು, ಮೆಟ್ಟಿಲು ಹತ್ತಿದರೆ ಎದೆಬಡಿತ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.8 ಬಂತು. ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ವೈದ್ಯನ ಮನೆಯಲ್ಲೇ ಈ ಸ್ಥಿತಿ, ಎಷ್ಟು ವರ್ಷಗಳಿಂದ ಇತ್ತೋ! ಮನೆಯ ಹೆಂಗಸರು ‘ಯಾಕೋ ಆಗವಲ್ದು’ ಎಂದಾಗ ಅದನ್ನು ಸೋಮಾರಿತನ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಗುಳಿಗೆ, ಊಟದಲ್ಲಿ ಸೊಪ್ಪು ಕಾಳು, ಮೇಲೆ ನಿಂಬೆಹಣ್ಣು, ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಬಂದ್. ನಿಂಬೆಯ ಹುಳಿ ಕಬ್ಬಿಣಾಂಶ ಹೀರಲು ನೆರವಾಗುತ್ತದೆ, ಚಹಾ ಅಡ್ಡಿಪಡಿಸುತ್ತದೆ.

ಉಳಿದಂತೆ ಓಟಗಾರರ ಊಟಕ್ಕೆ ಹೊರಗಿನ ಡಬ್ಬಿಯ ಪುಡಿ ಏನೂ ಬೇಕಾಗಲಿಲ್ಲ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಇವುಗಳಲ್ಲಿ ಪಿಷ್ಟ, ಪ್ರೋಟೀನು, ಕೊಬ್ಬು ಎಲ್ಲ ಇವೆ. ಒಂದೂವರೆ ಎರಡು ಗಂಟೆ ಜೋರಾಗಿ ಓಡಿದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಬಹುಪಾಲು ಬರಿದಾಗುತ್ತದೆ. ಆಗ ಕಾಲು ಕಬ್ಬಿಣವಾಗುತ್ತದೆ, ಮನಸ್ಸೂ ಕುಸಿಯುತ್ತದೆ. ಅದಕ್ಕಾಗಿ ದೂರದ ಓಟದ ನಡುವೆ ಬಾಳೆಹಣ್ಣು, ಖರ್ಜೂರ ಅಥವಾ ಅಮೀನಗಡದ ಕರದಂಟಿನ ಒಂದು ಸಣ್ಣ ತುಂಡು ಸಾಕು.

ಡಿಸೆಂಬರಿನ ಓಟ

ಅಕ್ಟೋಬರಿನಲ್ಲಿ ಮತ್ತೆ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆಯಿಂದ ಶುರು ಮಾಡಿದೆ. ನೆರೆಯ ವಿಜಯಪುರದಲ್ಲಿ ಈಚಿನ ವರ್ಷಗಳಲ್ಲಿ ವೃಕ್ಷಥಾನ್ ಎಂಬ ಓಟ ನಡೆಯುತ್ತಿದೆ. 21 ಕಿಲೋಮೀಟರ್ ಓಡುವ ಆಸೆ ಇತ್ತು. ಡೈರಿ ತೆಗೆದು ನೋಡಿ 10 ಕಿಲೋಮೀಟರಿಗೆ ಹೆಸರು ಕೊಟ್ಟೆ. ನನಗಿಂತ ಹಿರಿಯರು, ಶಾಲೆಯ ಹುಡುಗಿಯರು ನನ್ನನ್ನು ದಾಟಿ ಹೋದರು. 1 ಗಂಟೆ 14 ನಿಮಿಷಕ್ಕೆ ಮುಗಿಸಿದೆ. ಕಾಲಿನಲ್ಲಿ ನೋವಿರಲಿಲ್ಲ. ಆ ವರ್ಷ ನಾನು ಮಾಡಿದ ಒಳ್ಳೆಯ ಕೆಲಸ ಆ ಸಣ್ಣ ಓಟವನ್ನು ಆರಿಸಿಕೊಂಡದ್ದು.

ಅಲ್ಲಿ ಕಂಡ ಇನ್ನೊಂದು ವಿಷಯ ಹೇಳಬೇಕು. ನೀರು ಕಂಡಲ್ಲೆಲ್ಲ ಕುಡಿಯಬೇಕೆಂಬ ನಂಬಿಕೆ ಹಲವರಲ್ಲಿದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಮುಖ್ಯ ಕಾರಣ ಓಡುವಾಗ ವಿಪರೀತ ನೀರು ಕುಡಿದದ್ದು. ಸೋಡಿಯಂ ತೀರಾ ಇಳಿದರೆ ತಲೆನೋವು, ವಾಂತಿ, ಗೊಂದಲ, ಫಿಟ್ಸ್, ಸಾವು ಕೂಡ ಬರಬಹುದು. ಬಾಯಾರಿದಾಗ ಕುಡಿಯಿರಿ, ಬಾಯಾರಿಕೆ ತೀರಿದಾಗ ನಿಲ್ಲಿಸಿ. ಬಹಳ ಹೊತ್ತು ಬೆವರುವವರಿಗೆ ಉಪ್ಪು ಹಾಕಿದ ಮಜ್ಜಿಗೆ ಬರೀ ನೀರಿಗಿಂತ ಒಳ್ಳೆಯದು.

ಪಾದಯಾತ್ರೆಯ ಗುರುಗಳು

ಮ್ಯಾರಥಾನ್ ಎಂಬ ಶಬ್ದ ಬರುವ ಮೊದಲೇ ನಮ್ಮ ಭಾಗದಲ್ಲಿ ದೂರದ ಶ್ರಮದ ಒಂದು ದೊಡ್ಡ ಪದ್ಧತಿ ಇತ್ತು. ಯುಗಾದಿಗೆ ಶ್ರೀಶೈಲ ಮುಟ್ಟಲು ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಕಂಬಿ ಹೊತ್ತು ನೂರಾರು ಕಿಲೋಮೀಟರ್ ನಡೆಯುತ್ತಾರೆ. 2025ರ ಮಾರ್ಚಿನಲ್ಲಿ ನಾನೂ ಹುನಗುಂದ, ಇಳಕಲ್ ದಾಟಿ ಲಿಂಗಸುಗೂರಿನವರೆಗೆ ಮೂರು ದಿನ ಅವರ ಜೊತೆ ನಡೆದೆ, ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು.

ಗುಂಪಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದರು. ನಸುಕಿನ ಮೂರಕ್ಕೆ ಎದ್ದು ನಡೆದು, ಬಿಸಿಲು ಏರುವ ಮೊದಲೇ ನೆರಳು ಹಿಡಿದು ಮಲಗುತ್ತಿದ್ದರು. ಹುಡುಗರು ಮುಂದೆ ಓಡಿ ಹೋಗಿ ಎರಡನೇ ದಿನಕ್ಕೇ ಕಾಲಿಗೆ ಗುಳ್ಳೆ ಎಬ್ಬಿಸಿಕೊಂಡು ಕುಳಿತರು. ‘ದಣಿಯೂಕಿಂತ ಮೊದಲ ಕುಂದ್ರಬೇಕ್ರೀ ಡಾಕ್ಟ್ರ, ದಣದಮ್ಯಾಲ ಕುಂತ್ರ ಏಳಾಕ ಆಗೂದಿಲ್ಲ’ ಎಂದರು ಅಜ್ಜ. ನಾನು ಏಳು ವಾರ ಮಲಗಿ ಕಲಿತದ್ದು ಅಷ್ಟೇ.

ಇಳಕಲ್ಲಿನ ಹತ್ತಿರ ಐವತ್ತೆಂಟು ವರ್ಷದವರೊಬ್ಬರು ಪಟ್ಟಿ ಕಟ್ಟಿಸಿಕೊಳ್ಳಲು ಬಂದರು. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುತ್ತಿದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು, ಸುತ್ತ ಕೀವಾಗಿತ್ತು. ‘ಏನೂ ನೋವಿಲ್ರೀ ಸಾಹೇಬ್ರ, ಒಂದ ಪಟ್ಟಿ ಕಟ್ರಿ, ಮಲ್ಲಯ್ಯ ಕರಕೊಂಡ ಹೊಕ್ಕಾನ’ ಎಂದರು. ನೋವಿಲ್ಲ ಎಂಬುದೇ ನನಗೆ ಭಯ ಹುಟ್ಟಿಸಿತು. ಬಹುಕಾಲದ ಮಧುಮೇಹದಲ್ಲಿ ಕಾಲಿನ ನರಗಳು ಸತ್ತಂತಾಗುತ್ತವೆ. ಮುಳ್ಳು ಚುಚ್ಚಿದರೂ, ಸುಟ್ಟರೂ ತಿಳಿಯುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಾದರೆ ಗಾಯ ಮಾಯುವುದಿಲ್ಲ, ಕೊನೆಗೆ ಬೆರಳೋ ಪಾದವೋ ಕತ್ತರಿಸುವ ಸ್ಥಿತಿ ಬರುತ್ತದೆ.

‘ಇಲ್ಲಿಗೇ ನಿಲ್ಲಸ್ರೀ ಕಾಕಾ’ ಎಂದೆ. ಅವರು ತಲೆ ತಗ್ಗಿಸಿ ಕಣ್ಣೀರು ಹಾಕಿದರು. ಆಗ ಆ ಅಜ್ಜ ಅವರ ಕೈಯಲ್ಲಿದ್ದ ತೆಂಗಿನಕಾಯಿ ತೆಗೆದುಕೊಂಡು, ‘ನಿನ್ನ ಕಾಯಿ ನಾ ಒಡಸ್ತೇನಿ, ನೀ ಕಾಲ ಉಳಿಸ್ಕೊ’ ಎಂದರು. ಅಂದೇ ಜೀಪಿನಲ್ಲಿ ಬಾಗಲಕೋಟೆಗೆ ಕಳಿಸಿದೆವು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಪಾದ ಉಳಿಯಿತು.

ನಾನು ಗುಳಿಗೆ ನುಂಗಿ ನೋವನ್ನು ಸುಮ್ಮನಾಗಿಸಿದ್ದೆ. ಅವರ ನೋವನ್ನು ಕಾಯಿಲೆಯೇ ಸುಮ್ಮನಾಗಿಸಿತ್ತು. ಎರಡರ ಫಲವೂ ಒಂದೇ. ಸಹನಶಕ್ತಿ ಎಂದರೆ ನೋವನ್ನು ನುಂಗುವ ಶಕ್ತಿ ಎಂದು ನಾವೆಲ್ಲ ತಿಳಿದಿದ್ದೇವೆ. ನಿಜವಾಗಿ ಅದು ನೋವಿನ ಮಾತನ್ನು ಮೊದಲೇ ಕೇಳಿಸಿಕೊಂಡು, ಮರುದಿನವೂ ನಡೆಯುವಂತೆ ಇಂದು ನಿಲ್ಲುವ ಶಕ್ತಿ.

ವರ್ಷದ ಕೊನೆಯ ಲೆಕ್ಕ

ಯುಗಾದಿಗೆ ಡೈರಿ ಮುಗಿಯಿತು. ತೂಕ 82ರಿಂದ 76. ಬೆಳಗಿನ ನಾಡಿ 82ರಿಂದ 66. ರಕ್ತದೊತ್ತಡ 126/80, ಗುಳಿಗೆಯ ಜೊತೆಗೆ. ‘ಈಗ ಗುಳಿಗೆ ಬಿಡಬಹುದಲ್ಲ?’ ಎಂದು ಸ್ನೇಹಿತ ವೈದ್ಯರನ್ನು ಕೇಳಿದೆ. ‘ಇನ್ನಾರು ತಿಂಗಳು ನೋಡೋಣ’ ಎಂದರು. ನಾನೂ ರೋಗಿಯಂತೆ ತಲೆಯಾಡಿಸಿದೆ. ನೀವೂ ಹಾಗೆಯೇ ಮಾಡಿ, ನೀವಾಗಿಯೇ ಬಿಡಬೇಡಿ. ನನ್ನಾಕೆಯ ಹಿಮೋಗ್ಲೋಬಿನ್ 12.3. ಈಗ ಸಂಜೆ ಅವಳ ಹೆಜ್ಜೆಗೆ ನಾನು ಹೆಜ್ಜೆ ಹಾಕಬೇಕಾಗಿದೆ.

ನೀವು ಹೊರಡುವುದಾದರೆ

1. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಶ್ರಮ ಬೇಕು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆದರೂ ಸಾಕು. ಓಡಲೇಬೇಕೆಂದಿಲ್ಲ.

2. ಓಡುವುದಾದರೆ ಮೊದಲು ಒಂದೆರಡು ತಿಂಗಳು ನಡೆಯಿರಿ. ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ.

3. ಬೆಳಗಿನ ನಾಡಿ ನಿಮ್ಮ ರೂಢಿಗಿಂತ ಎರಡು ಮೂರು ದಿನ ಮೇಲೇ ಇದ್ದರೆ, ನಿದ್ದೆ ಕೆಟ್ಟಿದ್ದರೆ ಅಂದು ವಿಶ್ರಾಂತಿ.

4. ಜ್ವರ, ಮೈಕೈ ನೋವು ಇದ್ದಾಗ ಓಡಬೇಡಿ. ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೂ ತಗಲುತ್ತವೆ, ಆಗಿನ ಶ್ರಮ ಪ್ರಾಣಾಪಾಯ ತರಬಲ್ಲದು.

5. ವಿಪರೀತ ಶ್ರಮದ ಬಳಿಕ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

6. ಮಧುಮೇಹಿಗಳು ಬರಿಗಾಲಲ್ಲಿ ನಡೆಯಬೇಡಿ. ದಿನವೂ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಕಣ್ಣು ಮಂಜಾದವರು ಮನೆಯವರಿಗೆ ತೋರಿಸಿ. ಇನ್ಸುಲಿನ್ ಅಥವಾ ಸಕ್ಕರೆಯ ಗುಳಿಗೆ ತೆಗೆದುಕೊಳ್ಳುವವರು ದೂರದ ನಡಿಗೆಗೆ ಮುನ್ನ ವೈದ್ಯರನ್ನು ಕೇಳಿ, ಕಿಸೆಯಲ್ಲಿ ಸಕ್ಕರೆಯೋ ಬೆಲ್ಲವೋ ಇಟ್ಟುಕೊಳ್ಳಿ.

7. ಒಂದು ಡೈರಿ ಇಡಿ. ನಿಮಿಷ, ನಾಡಿ, ನೋವು, ಈ ಮೂರೇ ಸಾಕು.

ಹಾಲು ಹಾಕುವವರು ಈಗ ಸೈಕಲ್ ನಿಲ್ಲಿಸುವುದಿಲ್ಲ. ‘ಇವತ್ತ ಎಷ್ಟ ದೂರ ಡಾಕ್ಟ್ರ?’ ಎಂದಷ್ಟೇ ಕೇಳುತ್ತಾರೆ. ಕೆಲವು ದಿನ ‘ಇವತ್ತ ಸೂಟಿ’ ಎನ್ನುತ್ತೇನೆ. ಹಾಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಕಾಗದಿರಲಿ.